ಅಮೆರಿಕ ವೀಸಾ ಕನ್ಸಲ್ಟೆನ್ಸಿ: ಫಾರಂಗೆ ದುಡ್ಡು ಕೊಡಬಹುದು, ಪಾಠಕ್ಕೆ ಬೇಡ

ಅಪ್ಪ ಅಮ್ಮನ ಅಮೆರಿಕ ವಿಸಿಟರ್ ವೀಸಾಕ್ಕೆ ದಕ್ಷಿಣ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ 'ಫುಲ್ ಪ್ಯಾಕೇಜ್' ತೆಗೆದುಕೊಂಡಿದ್ದೆವು. ವೀಸಾ ಸಿಕ್ಕಿತು. ಆದರೂ ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು ಸ್ಟಾರ್. ಸಿಕ್ಕಿತಲ್ಲ, ಇನ್ನೇನು ಗೊಣಗಾಟ ಅನ್ನಬೇಡಿ. ದುಡ್ಡು ತೆಗೆದುಕೊಂಡು ಅವರು ಮಾಡಿದ ಕೆಲಸಗಳಲ್ಲಿ ಒಂದು ಚೆನ್ನಾಗಿತ್ತು, ಎರಡು ದಂಡ, ಒಂದಂತೂ ಕೇಳಿದ್ದರೆ ವೀಸಾ ಕೈತಪ್ಪುತ್ತಿತ್ತೇನೋ. ಹೆಸರು ಹಾಕುವುದಿಲ್ಲ. ಆ ಕಡೆ ಇಂಥ ಆಫೀಸು ಬೀದಿಗೆರಡಿವೆ, ನಾನು ವಿಚಾರಿಸಿದ ಕಡೆಯೆಲ್ಲ ಹೆಚ್ಚು ಕಮ್ಮಿ ಇದೇ ರೇಟು, ಇದೇ ಮಾತು. ನೀವು ಯಾವುದಕ್ಕೆ ಹೋದರೂ ಇದು ಉಪಯೋಗಕ್ಕೆ ಬರುತ್ತದೆ.

ನಮ್ಮ ವಿಷಯ ಇಷ್ಟು. ಅಕ್ಕ, ಭಾವ ಡಲ್ಲಾಸ್‌ನಲ್ಲಿದ್ದಾರೆ. ಅಕ್ಕನಿಗೆ ಹೋದ ವರ್ಷ ಆಗಸ್ಟ್‌ನಲ್ಲಿ ಮೊದಲ ಹೆರಿಗೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಸಮಾಜ ಹೇಳುತ್ತಿದ್ದವರು. ತಿಪಟೂರು ಹತ್ತಿರ ತೆಂಗಿನ ತೋಟ ಇದೆ. ಅಮ್ಮನಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮಾತು ಕಷ್ಟ. ಇಬ್ಬರೂ ವಿಮಾನ ಹತ್ತಿದವರಲ್ಲ. ನನ್ನದು ರಾತ್ರಿ ಶಿಫ್ಟ್. ಕೂತು ಫಾರಂ ತುಂಬುವ ತಾಳ್ಮೆ ಇಲ್ಲ, ಅದಕ್ಕೇ ಆಫೀಸು ಹುಡುಕಿದ್ದು.

ಪ್ಯಾಕೇಜ್ ಇಬ್ಬರಿಗೂ ಸೇರಿ ಹದಿನೆಂಟು ಸಾವಿರ. ಇದರಲ್ಲಿ ಫಾರಂ, ಸ್ಲಾಟ್ ಬುಕಿಂಗ್, ಡಾಕ್ಯುಮೆಂಟ್ ಫೈಲು, ಇಂಟರ್‌ವ್ಯೂ ಕೋಚಿಂಗ್. ಅಮೆರಿಕದವರ ಫೀಸು ಇದರಲ್ಲಿ ಸೇರಿಲ್ಲ. ಅದು ಒಬ್ಬರಿಗೆ 185 ಡಾಲರ್, 2023ರ ಜೂನ್‌ವರೆಗೆ 160 ಇತ್ತು. ವೀಸಾ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ, ಆ ದುಡ್ಡು ವಾಪಸ್ ಇಲ್ಲ. ಇದನ್ನು ಕನ್ಸಲ್ಟೆನ್ಸಿಯವರು ಮೊದಲೇ ಬಿಡಿಸಿ ಹೇಳಿದರು, ಅದು ಒಳ್ಳೆಯದಾಯಿತು.

ಮೊದಲು ಚೆನ್ನಾಗಿದ್ದದ್ದನ್ನೇ ಹೇಳುತ್ತೇನೆ. ಫಾರಂ. ಡಿಎಸ್-160 ಅನ್ನುವ ಆನ್‌ಲೈನ್ ವೀಸಾ ಅರ್ಜಿ ಮೇಲ್ನೋಟಕ್ಕೆ ಸಲೀಸು, ಒಳಗೆ ಹೋದರೆ ತಲೆ ತಿನ್ನುತ್ತದೆ. ಸುಮಾರು ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟರೆ ಪೇಜು ಮುಚ್ಚಿಕೊಳ್ಳುತ್ತದೆ, ಅಪ್ಲಿಕೇಶನ್ ಐಡಿ ಬರೆದಿಟ್ಟುಕೊಂಡಿಲ್ಲ ಅಂದರೆ ಮತ್ತೆ ಮೊದಲಿಂದ. ಅಲ್ಲಿ ಕೂರುತ್ತಿದ್ದ ಹುಡುಗಿಗೆ, ಇಪ್ಪತ್ತೈದೂ ಇರಲಿಕ್ಕಿಲ್ಲ ವಯಸ್ಸು, ಈ ಫಾರಂ ಬಾಯಿಪಾಠ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರೆಲ್ಲ ಗಿವನ್ ನೇಮ್‌ನಲ್ಲೇ. ನಮ್ಮ ಕಡೆ ಎಷ್ಟು ಹೆಂಗಸರದ್ದು ಹೀಗಿದೆ ಅಲ್ವಾ? ನಾನಾಗಿದ್ದರೆ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಅಂತ ತುರುಕುತ್ತಿದ್ದೆ. ಆ ಹುಡುಗಿ ಅಮ್ಮನ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಅಂತ, ಅಂದರೆ 'ಫಸ್ಟ್ ನೇಮ್ ಅನ್‌ನೋನ್' ಅಂತ ಬರೆದಳು. ನಿಯಮವೇ ಹಾಗಿದೆ. ವೀಸಾ ಮೇಲೂ ಹಾಗೇ ಪ್ರಿಂಟ್ ಆಗಿ ಬಂದಿದೆ.

ಅರ್ಜಿ ಹಾಕುವವರ ಅಪ್ಪ ಅಮ್ಮನ, ಅಂದರೆ ನಮ್ಮ ಅಜ್ಜ ಅಜ್ಜಿಯ, ಹುಟ್ಟಿದ ತಾರೀಖೂ ಕೇಳುತ್ತಾರೆ. ಅಪ್ಪನ ಅಪ್ಪನಿಗೆ ಯಾವ ತಾರೀಖು, ಬರದ ವರ್ಷ ಹುಟ್ಟಿದ್ದು ಅಂತ ಮನೆಯಲ್ಲಿ ಮಾತಿತ್ತು ಅಷ್ಟೇ. ಅದಕ್ಕೆ 'ಗೊತ್ತಿಲ್ಲ' ಅಂತ ಟಿಕ್ ಮಾಡುವ ಬಾಕ್ಸ್ ಇದೆ, ಸುಳ್ಳು ತಾರೀಖು ಕಟ್ಟುವ ಅಗತ್ಯವಿಲ್ಲ. ಅಪ್ಪನದೇ ಸರ್ಟಿಫಿಕೇಟ್ ಹುಟ್ಟುಹಬ್ಬ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಅಂದಳು ಹುಡುಗಿ, ಮುಗಿಯಿತು.

ಆಮೇಲೆ ಸೆಕ್ಯೂರಿಟಿ ಪ್ರಶ್ನೆಗಳ ಸಾಲು. ಭಯೋತ್ಪಾದನೆ ಮಾಡಿದ್ದೀರಾ, ನರಮೇಧದಲ್ಲಿ ಭಾಗಿಯಾಗಿದ್ದೀರಾ, ಚಿತ್ರಹಿಂಸೆ ಕೊಟ್ಟಿದ್ದೀರಾ. ಅಪ್ಪ ಒಂದೊಂದನ್ನೂ ಕನ್ನಡಕ ಏರಿಸಿ ಓದಿ, "ನೋ ಅಂತ ಹಾಕಮ್ಮ" ಅಂತ ಗಂಭೀರವಾಗಿ ಹೇಳುತ್ತಿದ್ದರು. ಮಕ್ಕಳಿಗೆ ಬೆತ್ತದಲ್ಲಿ ಹೊಡೆದದ್ದು ಚಿತ್ರಹಿಂಸೆಯ ಲೆಕ್ಕಕ್ಕೆ ಬರುತ್ತದೋ ಅಂತ ಅಮ್ಮ ಕೇಳಿದ್ದಕ್ಕೆ ಆಫೀಸಿನವರೆಲ್ಲ ನಕ್ಕರು.

ಫಾರಂ ಕೆಲಸಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಐದು ಯಾಕಲ್ಲ ಅಂದರೆ, ಸಬ್ಮಿಟ್ ಮಾಡುವ ಮೊದಲು ನಾನು ಪ್ರಿಂಟ್ ಕೇಳಿದೆ. ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದರು. ಕೊಟ್ಟ ಮೇಲೆ ನೋಡಿದರೆ, ಕೊನೆಯಲ್ಲಿ 'ಈ ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದ್ದಾರಾ' ಅನ್ನುವ ಪ್ರಶ್ನೆಗೆ 'ಇಲ್ಲ' ಅಂತ ಹಾಕಿದ್ದಾರೆ. ಎದುರಿಗೇ ಕೂತು ತುಂಬಿದ್ದಾರೆ, ರಸೀತಿ ನಮ್ಮ ಕೈಲಿದೆ, ಉತ್ತರ ಮಾತ್ರ ಇಲ್ಲ! ಓನರನ್ನು ಕೇಳಿದರೆ "ಎಲ್ರಿಗೂ ಹಾಗೇ ಹಾಕೋದು ಸರ್, ಹೌದು ಅಂದ್ರೆ ಏಜೆಂಟ್ ಕಡೆಯಿಂದ ಬಂದವರು ಅಂತ ಡೌಟ್ ಪಡ್ತಾರೆ" ಅಂದರು. ಅವರಿಗೇನು, ಕೆಳಗೆ ಸಹಿ ಅಪ್ಪನದು. ಯಾರೇ ತುಂಬಿಕೊಟ್ಟರೂ ಕೊನೆಯ ಎಲೆಕ್ಟ್ರಾನಿಕ್ ಸಹಿ ಅರ್ಜಿದಾರರೇ ಹಾಕಬೇಕು, ಅಂದರೆ ಒಳಗಿರುವ ಎಲ್ಲದಕ್ಕೂ ಅವರೇ ಜವಾಬ್ದಾರರು. ಬೇಕಂತಲೇ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಮೆರಿಕದ ಕಾನೂನಿನಲ್ಲಿ ಜೀವನಪೂರ್ತಿ ಬಾಗಿಲು ಮುಚ್ಚುವ ಕಲಮೂ ಇದೆ. ಇಷ್ಟು ಚಿಕ್ಕದಕ್ಕೆ ಅದನ್ನು ಹಾಕುತ್ತಾರೆ ಅಂತಲ್ಲ. ಆದರೆ ನಿಜ ಹೇಳಿದರೆ ಏನೂ ತೊಂದರೆ ಇಲ್ಲದ ಕಡೆ ಸುಳ್ಳು ಯಾಕೆ? 'ಹೌದು' ಮಾಡಿಸಿ, ಅವರ ಆಫೀಸಿನ ವಿಳಾಸ ಹಾಕಿಸಿದೆ. ಮುಖ ಸ್ವಲ್ಪ ಸಣ್ಣಗಾಯಿತು, ಆಗಲಿ.

ಅದೇ ದಿನ ಇನ್ನೊಂದು ಕಂಡಿತು. ಅಪಾಯಿಂಟ್‌ಮೆಂಟ್ ಸೈಟಿನ ಪ್ರೊಫೈಲ್‌ನಲ್ಲಿ ಇಮೇಲ್, ಫೋನು ಎರಡೂ ಆಫೀಸಿನವೇ. ಲಾಗಿನ್‌ಗೆ ಇಡುವ ಸೆಕ್ಯೂರಿಟಿ ಪ್ರಶ್ನೆಗಳ ಉತ್ತರವೂ ಅವರೇ ಇಟ್ಟದ್ದು. ಅಂದರೆ ತಾರೀಖು ಬದಲಾದರೆ ಮೆಸೇಜು ಅವರಿಗೆ, ನಮಗಿಲ್ಲ. ಜಗಳವಾದರೆ ನಮ್ಮ ಅಕೌಂಟಿಗೆ ನಾವೇ ಹೋಗುವ ಹಾಗಿಲ್ಲ. ಇದನ್ನು ಮೊದಲ ದಿನವೇ ನೋಡಿ ಸರಿ ಮಾಡಿಸಿಕೊಳ್ಳಿ. ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡು ಬೇಕಿದ್ದರೆ ಅವರಿಗೆ ಕೊಡಿ.

ಈಗ ಸ್ಲಾಟ್. ಎಲ್ಲರ ಸಂಕಟ ಇಲ್ಲೇ ಇರುವುದು.

ಬೆಂಗಳೂರಿನವರಿಗೆ ಇಂಟರ್‌ವ್ಯೂಗೆ ಹತ್ತಿರದ್ದು ಚೆನ್ನೈ ಅಥವಾ ಹೈದರಾಬಾದ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕ ಕಾನ್ಸುಲೇಟ್ ಉದ್ಘಾಟನೆ ಆದಾಗ ನಮ್ಮ ಮನೆಯಲ್ಲೂ ಖುಷಿಪಟ್ಟೆವು. ಆದರೆ ವೀಸಾ ಕೆಲಸ ಇಲ್ಲದೆಯೇ ಅದು ಶುರುವಾದದ್ದು, ಹಾಗಾಗಿ ನಮಗೆ ಅದೇ ಚೆನ್ನೈ ರೈಲು. ಮೊದಲ ಸಲದ ವಿಸಿಟರ್ ವೀಸಾಕ್ಕೆ ಕಾಯುವ ಕಾಲ 2022ರ ಕೊನೆಯ ಹೊತ್ತಿಗೆ ಇಲ್ಲಿನ ಕೆಲವು ಕಡೆ 900 ದಿನ ದಾಟಿತ್ತು. ಎರಡೂವರೆ ವರ್ಷ! ಅದಕ್ಕೆ ಹೋಲಿಸಿದರೆ ನಮ್ಮದು ಏನೂ ಅಲ್ಲ. ಆದರೆ ಹೆರಿಗೆಗೆ ಹೋಗಬೇಕಾದವರಿಗೆ ಈ ಲೆಕ್ಕ ಹೇಳಿ ಏನು ಪ್ರಯೋಜನ.

ಕನ್ಸಲ್ಟೆನ್ಸಿಯವರು "ನಮಗೆ ಬೇಗ ಸ್ಲಾಟ್ ಸಿಗುತ್ತೆ" ಅಂದಿದ್ದರು. ಹೇಗೆ ಅಂದರೆ ನಗು. ಇಂಥವರ 'ಹೇಗೆ' ಏನೆಂದು 2025ರ ಮಾರ್ಚಿನಲ್ಲಿ ಊರಿಗೆಲ್ಲ ಗೊತ್ತಾಯಿತು. ಬಾಟ್‌ಗಳ (ತಾವಾಗಿಯೇ ಸ್ಲಾಟ್ ಹಿಡಿಯುವ ಸಾಫ್ಟ್‌ವೇರ್) ಮೂಲಕ ಹಿಡಿದಿಟ್ಟ ಸುಮಾರು 2000 ಅಪಾಯಿಂಟ್‌ಮೆಂಟ್‌ಗಳನ್ನು ರದ್ದು ಮಾಡುತ್ತಿದ್ದೇವೆ, ಆ ಅಕೌಂಟುಗಳಿಗೆ ಮತ್ತೆ ಬುಕ್ ಮಾಡಲು ಬಿಡುವುದಿಲ್ಲ ಅಂತ ಭಾರತದ ಅಮೆರಿಕ ರಾಯಭಾರ ಕಚೇರಿಯೇ ಹೇಳಿತು. ಟೆಲಿಗ್ರಾಂ ಗುಂಪುಗಳಲ್ಲಿ 'ಅರ್ಲಿ ಸ್ಲಾಟ್ ಗ್ಯಾರಂಟಿ, ಕೆಲಸ ಆದಮೇಲೆ ದುಡ್ಡು' ಅಂತ ಬರುತ್ತದಲ್ಲ, ಅದಕ್ಕೆ ಮಾರುಹೋಗಿ ಲಾಗಿನ್ ಕೊಟ್ಟರೆ ಕಳೆದುಕೊಳ್ಳುವುದು ದುಡ್ಡಷ್ಟೇ ಅಲ್ಲ, ಅಕೌಂಟೇ ಹೋಗಬಹುದು. ನಮ್ಮವರು ಬಾಟ್ ಬಳಸುತ್ತಿದ್ದರೋ ಇಲ್ಲವೋ, ಆ ಸುದ್ದಿ ಬಂದ ಮೇಲೆ 'ಬೇಗ ಸಿಗುತ್ತೆ' ಅನ್ನುವ ಮಾತು ನಿಂತುಹೋಯಿತು.

ಅವರು ನಿಜವಾಗಿ ಕೆಡಿಸಿದ್ದು ಬೇರೆ. 2025ರ ಜನವರಿ 1ರಿಂದ ಇಲ್ಲಿ ನಿಯಮ ಬದಲಾಗಿದೆ. ಬುಕ್ ಮಾಡಿದ ತಾರೀಖನ್ನು ಒಂದೇ ಸಲ ಪುಕ್ಕಟೆ ಬದಲಾಯಿಸಬಹುದು. ಎರಡನೇ ಸಲ ಬದಲಾಯಿಸಬೇಕೆಂದರೆ, ಅಥವಾ ಹೋಗದೆ ತಪ್ಪಿಸಿದರೆ, ಮತ್ತೆ ಪೂರ್ತಿ ಫೀಸು ಕಟ್ಟಬೇಕು. ಅಂದರೆ ಆ ಒಂದು ಬದಲಾವಣೆ ಬಹಳ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದು. ಇವರು ಮೊದಲು ಕಂಡ ತಾರೀಖು ಹಿಡಿದು 'ಸ್ಲಾಟ್ ಡನ್' ಅಂತ ಹೆಬ್ಬೆರಳಿನ ಇಮೋಜಿ ಕಳಿಸಿದರು. ಆಮೇಲೆ ನಮ್ಮನ್ನು ಒಂದು ಮಾತೂ ಕೇಳದೆ ಅದನ್ನೇ ಒಂದು ವಾರ ಮುಂಚೆಗೆ ತಂದು, 'ಪ್ರೀಪೋನ್ ಡನ್' ಅಂತ ಇನ್ನೊಂದು ಹೆಬ್ಬೆರಳು. ದೀಪಾವಳಿ ಕಳೆದ ಮೇಲಿನ ತಾರೀಖು ವಾರ ಮುಂಚೆ ಆದರೇನು, ವಾರ ಆಮೇಲೆ ಆದರೇನು? ಇದ್ದ ಒಂದು ಅವಕಾಶ ಅಲ್ಲಿಗೆ ಮುಗಿಯಿತು. ಜೂನ್‌ನಲ್ಲಿ ಹೈದರಾಬಾದಿನ ಹತ್ತಿರದ ತಾರೀಖುಗಳು ಒಂದು ಸಂಜೆ ತೆರೆದುಕೊಂಡಾಗ ನಾವು ಸುಮ್ಮನೆ ನೋಡುತ್ತಾ ಕೂತೆವು.

ಆಮೇಲೆ 'ಎಮರ್ಜೆನ್ಸಿ ಅಪಾಯಿಂಟ್‌ಮೆಂಟ್' ಅಂತ ಹೊಸ ರಾಗ. ಮಗಳ ಹೆರಿಗೆ ಅಂತ ಹಾಕೋಣ, ಸರ್ವಿಸ್ ಚಾರ್ಜು ಐದು ಸಾವಿರ ಬೇರೆ. ನಾನು ಆವತ್ತೇ ಸರ್ಕಾರಿ ಸೈಟು ತೆರೆದು ಓದಿದೆ. ತುರ್ತು ಚಿಕಿತ್ಸೆ, ಹತ್ತಿರದವರ ಸಾವು ಇಂಥದ್ದಕ್ಕೆ ಬೇಗ ತಾರೀಖು ಕೇಳಬಹುದು. ಮದುವೆ, ಗ್ರ್ಯಾಜುಯೇಶನ್, ಗರ್ಭಿಣಿ ನೆಂಟರಿಗೆ ಸಹಾಯ, ಇವಕ್ಕೆ ಇಲ್ಲ ಅಂತ ಅಮೆರಿಕದ ವಿದೇಶಾಂಗ ಇಲಾಖೆ ಅಚ್ಚುಕಟ್ಟಾಗಿ ಬರೆದಿಟ್ಟಿದೆ. ಬಾಣಂತನಕ್ಕೆ ಹೋಗಬೇಕು ಅನ್ನುವುದು ನಮಗೆ ಎಷ್ಟೇ ತುರ್ತಾದರೂ ಅವರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆ ಪುಟವನ್ನು ಓನರ್‌ಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಸ್ಲಾಟ್ ಕೆಲಸಕ್ಕೆ ಸೊನ್ನೆ.

ಕಾಯುವ ತಿಂಗಳುಗಳಲ್ಲಿ ಅಮ್ಮನದೇ ದೊಡ್ಡ ಕಷ್ಟ. ಮೆಂತ್ಯದಿಟ್ಟು, ಬೆಳ್ಳುಳ್ಳಿ, ಅಂಟಿನುಂಡೆ ಅಂತ ಏನೇನೋ ತಯಾರಿ ಮಾಡಿಟ್ಟು, ಹತ್ತಿರದ ತಾರೀಖು ಬಂದಿಲ್ಲ ಅಂತ ಮತ್ತೆ ಡಬ್ಬಿಗೆ ಹಾಕಿಡುವುದು. ದಿನಾ ಬೆಳಗ್ಗೆ ಫೋನು ಮಾಡಿ "ಏನಾದ್ರೂ ಬಂತೇನೋ?" ಅನ್ನುವುದು. ನಾನು ಮೊದಮೊದಲು ಶಿಫ್ಟಿನ ನಡುವೆ ಸೈಟು ನೋಡುತ್ತಿದ್ದೆ, ಜಾಸ್ತಿ ಸಲ ನೋಡಿದರೆ ಅಕೌಂಟೇ ಲಾಕ್ ಆಗುತ್ತದೆ ಅಂತ ಗೊತ್ತಾದ ಮೇಲೆ ಬಿಟ್ಟೆ. ನಮಗೆ ನೆಮ್ಮದಿ ತಂದದ್ದು ಜೂನ್ ಕೊನೆಯಲ್ಲಿ ಅಕ್ಕನೇ ತೆಗೆದುಕೊಂಡ ತೀರ್ಮಾನ. "ಹೆರಿಗೆಗೆ ನೀವು ಬರಲ್ಲ ಅಂತ್ಲೇ ಅಂದ್ಕೊಳ್ಳೋಣಮ್ಮ, ಪಾಪು ನೋಡೋಕೆ ಬನ್ನಿ" ಅಂದಳು. ಭಾವ ಅಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಬಾಣಂತಿ ಅಡುಗೆ ಮಾಡಿಕೊಡುವ ಒಬ್ಬರನ್ನು ಗೊತ್ತು ಮಾಡಿದರು. ಅಂಟಿನುಂಡೆ ಭಾವನ ಸ್ನೇಹಿತರ ಕೈಲಿ ಹೋಯಿತು. ವೀಸಾ ಮೇಲೆ ಕಟ್ಟಿದ ಲೆಕ್ಕಗಳನ್ನೆಲ್ಲ ಬಿಚ್ಚಿಟ್ಟ ಮೇಲೆ ಮನೆಯಲ್ಲಿ ಮಾತು ಬೇರೆ ಕಡೆಗೂ ತಿರುಗಿತು. ಟಿಕೆಟ್ಟಂತೂ ವೀಸಾ ಕೈಗೆ ಬರುವ ತನಕ ಮಾಡಲಿಲ್ಲ. ಕನ್ಸಲ್ಟೆನ್ಸಿಯವರು 'ಕನ್ಫರ್ಮ್ ಟಿಕೆಟ್ ಇದ್ರೆ ಸ್ಟ್ರಾಂಗ್ ಆಗುತ್ತೆ' ಅಂತ ಅದರಲ್ಲೂ ಒಂದು ಕಮಿಷನ್ನಿನ ದಾರಿ ನೋಡಿದ್ದರು. ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ವೀಸಾ ಬರುವ ಮೊದಲು ಟಿಕೆಟ್ ಮಾಡಬೇಡಿ ಅಂತ ಅಮೆರಿಕದವರೇ ಹೇಳುತ್ತಾರೆ.

ಡಾಕ್ಯುಮೆಂಟ್ ಫೈಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಪ್ಪನೆಯ ನೀಲಿ ಫೈಲು. ತೋಟದ ಪಹಣಿ ಇಂಗ್ಲಿಷಿಗೆ ಮಾಡಿಸಿ ನೋಟರಿ, ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಆಸ್ತಿ ಬೆಲೆಯ ಸರ್ಟಿಫಿಕೇಟ್, ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂತ ಅಕ್ಕನ ಕಡೆಯಿಂದ ಐ-134 ಅಫಿಡವಿಟ್, ಆಹ್ವಾನ ಪತ್ರ, ಅದಕ್ಕೊಂದು ನೋಟರಿ. ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆ ಅಣ್ಣ ತಮ್ಮಂದಿರ ಹೆಸರೂ ಇದೆ, ಅದನ್ನು ಬಿಡಿಸಿ ಹೇಳುವುದಕ್ಕೆ ಇನ್ನೊಂದು ಕಾಗದ. ವಿಸಿಟರ್ ವೀಸಾಕ್ಕೆ ಆಹ್ವಾನ ಪತ್ರವಾಗಲಿ ಸಪೋರ್ಟ್ ಅಫಿಡವಿಟ್ ಆಗಲಿ ಬೇಕಿಲ್ಲ, ಅದನ್ನು ನೋಡಿ ವೀಸಾ ಕೊಡುವುದಿಲ್ಲ ಅಂತ ಅಮೆರಿಕದ ಸೈಟಿನಲ್ಲೇ ಇದೆ. ಬೇಕಾದದ್ದು ಪಾಸ್‌ಪೋರ್ಟು, ಡಿಎಸ್-160 ಕನ್ಫರ್ಮೇಶನ್, ಅಪಾಯಿಂಟ್‌ಮೆಂಟ್ ಕಾಗದ, ಫೋಟೋ. ಪೆನ್ಷನ್ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ಇರಲಿ ಅಂತ ಒಂದು ತೆಳು ಫೈಲಿನಲ್ಲಿ ಇಟ್ಟುಕೊಂಡರೆ ಸಾಕು. ಅಂದಹಾಗೆ ಫೋಟೋದಲ್ಲಿ ಕನ್ನಡಕ ಬೇಡ, ಬಿಳಿ ಹಿನ್ನೆಲೆ, ಆರು ತಿಂಗಳೊಳಗಿನದು. ಅಪ್ಪನ ಫೈಲು ಹೇಗೆ ಹೋಯಿತೋ ಹಾಗೇ ವಾಪಸ್ ಬಂತು, ಕ್ಲಿಪ್ ಕೂಡ ತೆಗೆಯಲಿಲ್ಲ.

ಇನ್ನು ಕೋಚಿಂಗ್. ನನಗೆ ಸಿಟ್ಟು ಬಂದದ್ದು ಇಲ್ಲಿ.

ಓನರ್‌ನ ಭಾವಮೈದ ಅಂತ ಒಬ್ಬರು, ಟೈ ಕಟ್ಟಿಕೊಂಡು, ಗಾಜಿನ ಒಂದು ಕ್ಯಾಬಿನ್ನಿನಲ್ಲಿ ಮೇಜಿನ ಆಚೆ ನಿಂತು 'ಆಫೀಸರ್' ಆಗುತ್ತಾರೆ. ಮೊದಲು ನಾಲ್ಕು ಹಾಳೆ ಕೊಟ್ಟರು. ಪ್ರಶ್ನೆಗಳು, ಉತ್ತರಗಳು. ಅಮ್ಮನಿಗಾಗಿ ಇಂಗ್ಲಿಷ್ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ: 'ಐ ವಿಲ್ ಡೆಫಿನೆಟ್ಲಿ ರಿಟರ್ನ್ ಟು ಮೈ ಮದರ್‌ಲ್ಯಾಂಡ್ ಸರ್.' ಅಮ್ಮ ಅದನ್ನು ಸಹಸ್ರನಾಮದ ಹಾಗೆ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಯಾಕೆ ಹೋಗುತ್ತಿದ್ದೀರಿ ಅನ್ನುವುದಕ್ಕೆ ಉತ್ತರ: ಟೂರಿಸಂ, ನಯಾಗರಾ ಫಾಲ್ಸ್, ಸ್ಟ್ಯಾಚ್ಯೂ ಆಫ್ ಲಿಬರ್ಟಿ. ಡಲ್ಲಾಸ್ ಎಲ್ಲಿ, ನಯಾಗರಾ ಎಲ್ಲಿ! ನಾನು ಕೇಳಿದೆ, ಮೊಮ್ಮಗು ನೋಡಲು ಹೋಗುತ್ತಿದ್ದಾರೆ, ಅದನ್ನೇ ಹೇಳಿದರೆ ಏನಾಗುತ್ತದೆ? "ಮಗು ಹೆಸರೇ ಎತ್ತಬಾರದು ಸರ್, ಆಯಾ ಕೆಲಸಕ್ಕೆ ಹೊರಟಿದ್ದಾರೆ ಅಂದ್ಕೊಳ್ತಾರೆ."

ಸ್ವಲ್ಪ ಯೋಚಿಸಿ. ಫಾರಂನಲ್ಲಿ ಅಕ್ಕನ ಹೆಸರಿದೆ, ಅವಳ ಮನೆ ವಿಳಾಸ ಇದೆ, ಅಲ್ಲಿ ಅವಳ ಸ್ಟೇಟಸ್ ಏನು ಅಂತಲೂ ಬರೆದಿದೆ. ಕಿಟಕಿಯಾಚೆ ಕೂತವರ ಮುಂದೆ ಅದೆಲ್ಲ ತೆರೆದಿರುತ್ತದೆ. ಮಗಳು, ಮೊಮ್ಮಕ್ಕಳನ್ನು ನೋಡಿ ಬರುವುದು ವಿಸಿಟರ್ ವೀಸಾದ ನ್ಯಾಯವಾದ ಕಾರಣವೇ. ಅದನ್ನು ಬಚ್ಚಿಟ್ಟು ಅರವತ್ತು ದಾಟಿದ ಇಬ್ಬರು ನಯಾಗರಾ ನಯಾಗರಾ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ದಿನಾ ಬೆಳಗಿನಿಂದ ಇದೇ ನಯಾಗರಾ ಕೇಳಿ ಕೇಳಿ ಅವರಿಗೂ ಸಾಕಾಗಿರುತ್ತದೆ.

ಇನ್ನೊಂದು ಉತ್ತರದ ಕಥೆ ಕೇಳಿ. ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಖಾತ್ರಿ ಅಂತ ಅಭ್ಯಾಸದಲ್ಲಿ ಕೇಳಿದಾಗ ಅಪ್ಪ ತಮ್ಮ ಪಾಡಿಗೆ, "ಅಟ್ಟದ ಮೇಲೆ ಕಾಯಿ ಹಾಕಿದೀನಲ್ಲ, ಬೇಸಿಗೆಗೆ ಕೊಬ್ಬರಿ ಸುಲಿಸಬೇಕು, ಬರದೆ ಏನ್ಮಾಡ್ಲಿ" ಅಂದರು. ನಿಜ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕೆಂದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರಬೇಕು, ಒಳಗೆ ನೀರು ಆರಿ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಪ್ಪನಿಗೆ ಅದು ಎಫ್‌ಡಿ. ಟೈನವರು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. "ಅದೆಲ್ಲ ಬೇಡ ಅಂಕಲ್. ಸ್ಟ್ರಾಂಗ್ ಫ್ಯಾಮಿಲಿ ಅಂಡ್ ಎಕನಾಮಿಕ್ ಟೈಸ್ ಅನ್ನಿ." ಅಪ್ಪ ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು. ಆ ಕೆಂಪು ಗೆರೆಯನ್ನೇ ನೋಡುತ್ತಾ ಕೂತಿದ್ದರು, ಏನೂ ಹೇಳಲಿಲ್ಲ.

ಎರಡನೇ ಕ್ಲಾಸಿಗೆ ನಾವು ಹೋಗಲಿಲ್ಲ. ಮನೆಯಲ್ಲೇ ಕೂತೆವು. ನಾನು ಮಾಡಿದ್ದು ಇಷ್ಟೇ. ಡಿಎಸ್-160 ಪ್ರಿಂಟು ಕೈಯಲ್ಲಿ ಹಿಡಿದು, ಅದರಲ್ಲಿ ಇರುವುದನ್ನೇ ಕೇಳಿದೆ. ಯಾರ ಮನೆಗೆ, ಅವಳು ಏನು ಕೆಲಸ ಮಾಡುತ್ತಾಳೆ, ಅಳಿಯ ಏನು ಮಾಡುತ್ತಾರೆ, ಎಷ್ಟು ದಿನ ಇರುತ್ತೀರಿ, ಖರ್ಚು ಯಾರದು, ಇಲ್ಲಿ ತೋಟ ಯಾರು ನೋಡುತ್ತಾರೆ. ತಮಾಷೆ ಅಂದರೆ ಅಕ್ಕ ಯಾವ ಕಂಪನಿಯಲ್ಲಿ ಏನು ಮಾಡುತ್ತಾಳೆ ಅಂತ ಅಪ್ಪನಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. "ಕಂಪ್ಯೂಟರ್" ಅಂದರು. ಎಷ್ಟೋ ತಂದೆ ತಾಯಿ ತಡವರಿಸುವುದು ಇಂಥ ಕಡೆಯೇ ಅಂತ ಕಾಣುತ್ತದೆ. ಅಕ್ಕನನ್ನೇ ವಿಡಿಯೋ ಕಾಲಿನಲ್ಲಿ ಕೂರಿಸಿ ತನ್ನ ಕೆಲಸ ಏನು ಅಂತ ಎರಡು ವಾಕ್ಯದಲ್ಲಿ ಹೇಳಿಸಿದೆ. ಇಂಗ್ಲಿಷ್ ಹಾಳೆ ಅಮ್ಮನ ಕೈಯಿಂದ ತೆಗೆದೆ. ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಹೇಳಿ, ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ ಅಂದೆ. ಅಲ್ಲಿಗೆ ಅಮ್ಮನಿಗೆ ಅರ್ಧ ಭಯ ಹೋಯಿತು.

ಚೆನ್ನೈ ಬಗ್ಗೆ ಹೋಗುವವರಿಗೆ ಬೇಕಾದಷ್ಟು ಹೇಳುತ್ತೇನೆ. ಎರಡು ಕಡೆ ಹೋಗಬೇಕು. ಮೊದಲು ವೀಸಾ ಅಪ್ಲಿಕೇಶನ್ ಸೆಂಟರಿನಲ್ಲಿ ಬೆರಳಚ್ಚು, ಫೋಟೋ. ಆಮೇಲೆ ಬೇರೆ ದಿನ ಕಾನ್ಸುಲೇಟ್, ಅಣ್ಣಾ ಸಾಲೈಯಲ್ಲಿ, ಜೆಮಿನಿ ಫ್ಲೈಓವರ್ ಪಕ್ಕ. ಹಾಗಾಗಿ ರಾತ್ರಿ ಉಳಿಯುವ ಏರ್ಪಾಡು ಇಟ್ಟುಕೊಳ್ಳಿ. ಮೊಬೈಲು, ಸ್ಮಾರ್ಟ್ ವಾಚು, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಹೋಗಿ. ಜೊತೆಗೆ ಬಂದವರಿಗೂ ಒಳಗೆ ಪ್ರವೇಶ ಇಲ್ಲ. ಅಕ್ಟೋಬರಿನಿಂದ ಡಿಸೆಂಬರ್ ಅಂದರೆ ಚೆನ್ನೈನಲ್ಲಿ ಮಳೆಗಾಲ, ಸಾಲು ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಕೊಡೆ ಇರಲಿ. ಆವತ್ತು ಸಣ್ಣ ಹನಿ ಶುರುವಾಗಿತ್ತು. ಅಮ್ಮ ಪಾಸ್‌ಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೆರಗಿನ ಒಳಗೆ ಹಿಡಿದುಕೊಂಡಿದ್ದರು. ಕೋಚಿಂಗ್‌ನವರು ರೇಷ್ಮೆ ಸೀರೆ ಬೇಡ, ಬಳೆ ಕಮ್ಮಿ ಇರಲಿ ಅಂತೆಲ್ಲ ಹೇಳಿದ್ದರು. ಅಮ್ಮ ಮೈಸೂರು ಸಿಲ್ಕೇ ಉಟ್ಟರು, ಒಳ್ಳೆ ಕೆಲಸಕ್ಕೆ ಹೋಗುವಾಗ ಅದೇ ಅಂತ.

ಒಳಗೆ ಏನಾಯಿತು ಅನ್ನುವುದು ನನಗೆ ಅವರಿಬ್ಬರ ಬಾಯಿಂದಲೇ ಗೊತ್ತು, ಅದರಲ್ಲೂ ಒಬ್ಬೊಬ್ಬರದು ಒಂದೊಂದು ವರ್ಷನ್. ಇಬ್ಬರೂ ಒಪ್ಪುವ ಭಾಗ ಇದು. ಒಂದೇ ಕಿಟಕಿಗೆ ಇಬ್ಬರನ್ನೂ ಕರೆದರು. ನಿಂತುಕೊಂಡೇ ಮಾತು. ಯಾಕೆ ಹೋಗುತ್ತಿದ್ದೀರಿ ಅಂದದ್ದಕ್ಕೆ ಅಪ್ಪ ಮಗಳನ್ನೂ ಮೊಮ್ಮಗನನ್ನೂ ನೋಡಲು ಅಂದರು. ಆಫೀಸರ್ ಅಮ್ಮನ ಕಡೆ ತಿರುಗಿ ಮಗುವಿಗೆ ಎಷ್ಟು ತಿಂಗಳು ಅಂತ ಕೇಳಿದರು. ಅಮ್ಮ ಥಟ್ಟನೆ "ತ್ರೀ ಮಂತ್ಸ್" ಅಂದರು. ಹೆಸರೆತ್ತಬಾರದು ಅಂದಿದ್ದ ಮಗು! ಆಮೇಲೆ ಅಪ್ಪ ಏನು ಮಾಡುತ್ತಾರೆ ಅನ್ನುವ ಪ್ರಶ್ನೆ. ಮೇಷ್ಟ್ರಾಗಿದ್ದೆ, ಈಗ ತೆಂಗಿನ ತೋಟ. ಎಷ್ಟು ಮರ, ನೀವಿಲ್ಲದಾಗ ಯಾರು ನೋಡುತ್ತಾರೆ? ತಮ್ಮ ನೋಡುತ್ತಾನೆ, ಆದರೆ ಏಪ್ರಿಲ್ ಒಳಗೆ ಬರಲೇಬೇಕು ಅಂತ ಹೇಳಿ, ಅಪ್ಪ ಅಟ್ಟದ ಕಥೆ ಶುರು ಮಾಡಿದ್ದಾರೆ. ಕಾಯಿ ಒಳಗೇ ಒಣಗಿ ಉಂಡೆಯಾಗುವುದು ಹೇಗೆ ಅಂತ ಕೈಯಲ್ಲಿ ಅಲ್ಲಾಡಿಸಿ ತೋರಿಸಿದ್ದಾರೆ. ಆಫೀಸರ್ ನಕ್ಕರು ಅಂತ ಅಪ್ಪ, ಇಲ್ಲ ಸುಮ್ಮನೆ ಟೈಪ್ ಮಾಡುತ್ತಿದ್ದರು ಅಂತ ಅಮ್ಮ. ಅಷ್ಟರಲ್ಲಿ ಅಪ್ರೂವ್ ಅಂದು ಪಾಸ್‌ಪೋರ್ಟ್ ಇಟ್ಟುಕೊಂಡರು. ಪಾಸ್‌ಪೋರ್ಟ್ ಅಲ್ಲೇ ಉಳಿದರೆ ಸಾಮಾನ್ಯವಾಗಿ ಒಳ್ಳೆ ಸುದ್ದಿ, ರಿಜೆಕ್ಟ್ ಆದವರಿಗೆ ಪಾಸ್‌ಪೋರ್ಟ್ ಜೊತೆ 214(ಬಿ) ಅಂತ ಇರುವ ಕಾಗದ ಕೈಗೆ ಬರುತ್ತದೆ. 221(ಜಿ) ಅಂದರೆ ಇನ್ನೂ ಏನೋ ಪರಿಶೀಲನೆ ಬಾಕಿ ಅಂತ, ಕಾಯಬೇಕು.

ಇದನ್ನು ಓದಿ 'ನಿಜ ಹೇಳಿದರೆ ವೀಸಾ ಗ್ಯಾರಂಟಿ' ಅಂದುಕೊಳ್ಳಬೇಡಿ. ನನ್ನ ಸಹೋದ್ಯೋಗಿಯ ತಾಯಿ, ಒಂಟಿ ಹೆಂಗಸು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಯೂ 214(ಬಿ) ಕಾಗದ ಹಿಡಿದು ಬಂದರು. ಬಂದವರೆಲ್ಲ ಅಲ್ಲೇ ಉಳಿಯುವವರು ಅಂತಲೇ ಕಾನೂನು ಮೊದಲು ಭಾವಿಸುತ್ತದೆ, ಇಲ್ಲ ಅಂತ ನಂಬಿಸುವುದು ನಮ್ಮ ಪಾಲಿಗೆ. ಎರಡು ಮೂರು ನಿಮಿಷದಲ್ಲಿ ಅದು ಆಗಬೇಕು. ಅಪೀಲು ಇಲ್ಲ. ಹೊಸ ಫಾರಂ, ಹೊಸ ಫೀಸು ಕಟ್ಟಿ ಮತ್ತೆ ಹಾಕಬಹುದು ಅಷ್ಟೇ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ಈ ಅನಿಶ್ಚಿತತೆಯನ್ನೇ ಬಂಡವಾಳ ಮಾಡಿಕೊಂಡು ಗೋಡೆ ಮೇಲೆ 'ನೂರಕ್ಕೆ ತೊಂಬತ್ತೆಂಟು ಸಕ್ಸಸ್' ಅಂತ ಬೋರ್ಡ್ ಹಾಕುವವರನ್ನು ನಂಬುವುದು ಹೇಗೆ? ರಿಜೆಕ್ಟ್ ಆದವರ ಲೆಕ್ಕ ಯಾರು ಇಟ್ಟಿದ್ದಾರೆ?

ವೀಸಾ ಬಂತು ಅಂತ ಗೊತ್ತಾದ ದಿನವೇ ಕನ್ಸಲ್ಟೆನ್ಸಿಯಿಂದ ಮೆಸೇಜು. ಅಂಕಲ್ ಆಂಟಿ ಪಾಸ್‌ಪೋರ್ಟ್ ಹಿಡಿದ ಫೋಟೋ ಕಳಿಸಿ, ಗೋಡೆಗೆ ಹಾಕುತ್ತೇವೆ, ಜೊತೆಗೆ ಐದು ಸ್ಟಾರ್ ಕೊಡಿ. ಫೋಟೋ ಕಳಿಸಲಿಲ್ಲ. ಹೋಗದ ಕೋಚಿಂಗ್ ಕ್ಲಾಸಿನ ದುಡ್ಡು ವಾಪಸ್ ಕೇಳಿದೆ. ಪ್ಯಾಕೇಜ್ ಪ್ಯಾಕೇಜೇ ಅಂದರು. ಎರಡು ಮೂರು ಫೋನ್ ಆದ ಮೇಲೆ ಎರಡು ಸಾವಿರ ಯುಪಿಐ ಮಾಡಿದರು.

ಈಗ ಅತ್ತೆ ಮಾವನವರದೂ ಅರ್ಜಿ ಹಾಕಬೇಕು, ನಾದಿನಿ ಸಿಯಾಟಲ್‌ನಲ್ಲಿದ್ದಾಳೆ. ಫಾರಂ ತುಂಬಿಸಲು ಅದೇ ಆಫೀಸಿಗೆ ಹೋಗುತ್ತೇನೆ, ಆ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ಫಾರಂ ಒಂದಕ್ಕೇ ಒಬ್ಬರಿಗೆ ಎರಡೂವರೆ ಸಾವಿರ ಅಂದಿದ್ದಾರೆ. ಇಮೇಲ್ ನಮ್ಮದು, ಸ್ಲಾಟ್ ನಾವೇ ನೋಡಿಕೊಳ್ಳುತ್ತೇವೆ, ಸಹಾಯ ಮಾಡಿದವರು ಅನ್ನುವ ಜಾಗದಲ್ಲಿ ನಿಮ್ಮ ಹೆಸರು ಇರುತ್ತದೆ ಅಂತ ಮೊದಲೇ ಹೇಳಿದ್ದೇನೆ. ಆಗಲಿ ಸರ್ ಅಂದರು, ಎರಡು ಸಾವಿರಕ್ಕೆ ಇಳಿಸಿ ಅಂದದ್ದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.